ಟಚ್ ಕೀ ತಾನಾಗೇ ಒತ್ತಿಕೊಳ್ತಿದ್ರೆ ಕೀಬೋರ್ಡ್ ಬದಲಾಯಿಸಬೇಡಿ, ಮೊದಲು ಪ್ಲಗ್ ನೋಡಿ

ನನ್ನ ಹಳೇ ಲ್ಯಾಪ್‌ಟಾಪಲ್ಲಿ ವಾಲ್ಯೂಮ್, ಮ್ಯೂಟ್, ವೈಫೈಗೆ ಗುಂಡಿಗಳಿಲ್ಲ. ಕೀಬೋರ್ಡಿನ ಮೇಲ್ಗಡೆ ಒಂದು ನುಣುಪಾದ ಪಟ್ಟಿ, ಮುಟ್ಟಿದರೆ ಸಾಕು. ಹೊಸ ಬಾಡಿಗೆ ಮನೆಗೆ ಬಂದ ವಾರಕ್ಕೇ ಅದಕ್ಕೆ ದೆವ್ವ ಹಿಡೀತು. ಬ್ಯಾಕ್‌ಸ್ಪೇಸ್ ಕಡೆ ಬೆರಳು ಹೋದರೆ ಮ್ಯೂಟ್. ಯಾರೂ ಮುಟ್ಟದಿದ್ದರೂ ವಾಲ್ಯೂಮ್ ನೂರಕ್ಕೆ. ರಾತ್ರಿ ಹನ್ನೊಂದಕ್ಕೆ ಹಾಗೆ ಕಿರುಚಿ, ಮಲಗಿದ್ದ ಮಗು ಎದ್ದು ಕೂತಿತು.

ರಿಪೇರಿ ಅಂಗಡಿಯವನು ನೋಡಿದ್ದೇ, "ಕೀಬೋರ್ಡ್ ಶಾರ್ಟ್ ಆಗಿದೆ ಸಾರ್, ಹೊಸದು ಹಾಕ್ಬಿಡೋಣ" ಅಂದ. 2,800 ರೂಪಾಯಿ. ಅಂಗಡಿಯಲ್ಲಿ ಚೆನ್ನಾಗೇ ಓಡ್ತು. ಮನೆಗೆ ತಂದು ಚಾರ್ಜಿಗೆ ಹಾಕಿದರೆ ಮತ್ತೆ ಅದೇ ಕಥೆ. ವಾಪಸ್ ಹೋದರೆ, "ಹಾಗಾದ್ರೆ ಮದರ್‌ಬೋರ್ಡೇ ಇರ್ಬೇಕು." ಹಳೇ ಕೀಬೋರ್ಡ್ ಕೊಡಪ್ಪ ಅಂದರೆ ಬಿಸಾಕಿದ್ನಂತೆ!

ಗುಟ್ಟು ಬಯಲಾಗಿದ್ದು ಕರೆಂಟ್ ಹೋದಾಗ. ಬ್ಯಾಟರಿಯಲ್ಲಿ ಪಟ್ಟಿ ಸಾಧು ಹಸು. ಕರೆಂಟ್ ಬಂತು, ಮತ್ತೆ ಶುರು. ಫ್ಯಾನ್ ಸರಿಮಾಡೋಕೆ ಬಂದಿದ್ದ ಎಲೆಕ್ಟ್ರಿಷಿಯನ್ ಲ್ಯಾಪ್‌ಟಾಪಿನ ತಳದ ಸ್ಕ್ರೂಗೆ ಟೆಸ್ಟರ್ ಇಟ್ಟ, ಮಿಣಮಿಣ ಉರೀತು. ಸಾಕೆಟ್ ಬಿಚ್ಚಿ ನಕ್ಕ: "ಅರ್ತಿಂಗೇ ಇಲ್ಲ ಸಾರ್, ಮೇಲಿನ ತೂತು ಬರೀ ಶೋಕಿಗೆ."

ಇಂಥ ಕೀಗಳು ಒತ್ತಡ ನೋಡೋದಿಲ್ಲ. ಬೆರಳು ಹತ್ತಿರ ಬಂದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಸಣ್ಣ ಬದಲಾವಣೆಯನ್ನೇ ಬೆರಳು ಅಂತ ಲೆಕ್ಕ ಹಾಕ್ತವೆ. ಅಡಾಪ್ಟರಿನಿಂದ ಚೂರು ಕರೆಂಟ್ ಸೋರೋದು ಮಾಮೂಲಿ. ಮೂರು ಪಿನ್ನಿನ ಅಡಾಪ್ಟರಲ್ಲಿ ಅದು ಅರ್ತಿಂಗ್ ವೈರ್ ಹಿಡಿದು ನೆಲಕ್ಕೆ ಇಳೀಬೇಕು. ದಾರಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ಉಳಿದು ಪಟ್ಟಿಯನ್ನು ಗಲಿಬಿಲಿ ಮಾಡುತ್ತೆ. ಅಂಗೈ ಇಟ್ಟಾಗ ಜುಮ್ ಅಂತಿದ್ದದ್ದೂ ಅದೇ. ನಾನೋ ಚಳಿಗಾಲ ಅಂದ್ಕೊಂಡಿದ್ದೆ.

ಹೊಟ್ಟೆ ಉರಿದದ್ದು ಆಮೇಲೆ. ಬಿಚ್ಚಿ ನೋಡಿದರೆ ಆ ಪಟ್ಟಿ ಕೀಬೋರ್ಡಿನ ಭಾಗವೇ ಅಲ್ಲ! ಬೇರೆ ಬೋರ್ಡು, ಬೇರೆ ರಿಬ್ಬನ್ ಕೇಬಲ್.

ಆದ್ದರಿಂದ ಅಂಗಡಿಗೆ ಓಡುವ ಮೊದಲು ಚಾರ್ಜರ್ ಕಿತ್ತು ಹತ್ತು ನಿಮಿಷ ಬಳಸಿ ನೋಡಿ. ಪಟ್ಟಿ ಸುಮ್ಮನಾದರೆ ದೋಷ ಚಾರ್ಜರಿನದ್ದೋ ಸಾಕೆಟ್ಟಿನದ್ದೋ. ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೆ ತೆಗೀರಿ. "ಅರ್ತ್ ತೂತಿಂದ ನ್ಯೂಟ್ರಲ್ಲಿಗೇ ಒಂದು ವೈರ್ ಕೊಟ್ಬಿಡ್ತೀನಿ" (ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗೋ ವೈರ್) ಅನ್ನೋರನ್ನ ಮಾತ್ರ ಸಾಕೆಟ್ ಮುಟ್ಟೋಕೆ ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ಕಟ್ಟಾದರೆ, ಅಂಥ ಸಾಕೆಟ್ಟಿಗೆ ಹಾಕಿದ ಫ್ರಿಜ್ಜಿನ ಮೈಗೆಲ್ಲ ಕರೆಂಟ್ ಬರುತ್ತೆ. ಬ್ಯಾಟರಿಯಲ್ಲೂ ಕುಣಿದರೆ, ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಬ್ಯಾಟರಿ ಊದಿರಬಹುದು, ಅದುಮದೆ ಆಫ್ ಮಾಡಿ ತೆಗೆಸಿ.

ಅರ್ತ್ ವೈರ್ ಎಳೆಸಿದ್ದಕ್ಕೆ 350 ರೂಪಾಯಿ ಆಯ್ತು. ಓನರ್ ಅಂಕಲ್ ಬಾಡಿಗೇಲಿ ಹಿಡ್ಕೊಳ್ಳಿ ಅಂದಿದ್ದಾರೆ. ಆ 2,800 ಯಾರ ಹತ್ತಿರ ಕೇಳಲಿ?