ಚರ್ಚ್ ಗ್ರಾಂಟ್‌ನಲ್ಲಿ ಬಂದ ಫ್ರೀಜರ್: ನನ್ನ ರಿವ್ಯೂ, ಐದಕ್ಕೆ ನಾಲ್ಕು

ಮಿಕ್ಸಿಗೆ ರಿವ್ಯೂ ಬರೀತಾರೆ, ದೋಸೆ ಹೋಟ್ಲಿಗೆ ಬರೀತಾರೆ, ಗ್ರಾಂಟ್‌ಗೆ (ಅರ್ಜಿ ಹಾಕಿ ತಗೊಳೋ, ವಾಪಸ್ ಕಟ್ಬೇಕಿಲ್ಲದ ಸಹಾಯಧನ) ಮಾತ್ರ ಯಾರೂ ಬರೆಯಲ್ಲ. ದುಡ್ಡು ಕೊಟ್ಟೋರನ್ನ ಬೈಯೋಕೆ ಬಾಯಿ ಬರಲ್ಲ, ಕೊಡದೇ ಇರೋರನ್ನ ಬೈದ್ರೆ ಹೊಟ್ಟೆಕಿಚ್ಚು ಅಂತಾರೆ. ನಂಗೆ ಎರಡೂ ಆಗಿದೆ, ಮೊದಲ ವರ್ಷ ರಿಜೆಕ್ಟ್, ಎರಡನೇ ವರ್ಷ ಸಿಕ್ತು, ಹಾಗಾಗಿ ಬರೀತಿದೀನಿ.

ನಾವಿರೋದು ಅಮೆರಿಕದ ನ್ಯೂಜೆರ್ಸಿಲಿ. ನಾವು ಐದು ಜನ ಸೇರ್ಕೊಂಡು ಗುರುವಾರ ಸಂಜೆ ಒಂದು ಬಾಡಿಗೆ ಬೇಸ್‌ಮೆಂಟಲ್ಲಿ ಫುಡ್ ಪ್ಯಾಂಟ್ರಿ ನಡೆಸ್ತೀವಿ, ಅಂದ್ರೆ ಕೈಲಿ ದುಡ್ಡಿಲ್ಲದ ಮನೆಗಳಿಗೆ ಒಂದು ವಾರದ ದಿನಸಿ ಚೀಲ ತುಂಬಿ ಕೊಡೋದು. ಅಕ್ಕಿ, ಬೀನ್ಸ್ ಡಬ್ಬಿ, ಟೂನಾ ಡಬ್ಬಿ, ಮಕ್ಕಳಿರೋ ಮನೆಗೆ ಸೀರಿಯಲ್. ಪಕ್ಕದ ಸೂಪರ್‌ಮಾರ್ಕೆಟ್ಟೋರು ಫ್ರೋಜನ್ ಚಿಕನ್, ತರಕಾರಿ ಕೊಡ್ತೀವಿ ಬನ್ನಿ ಅಂದಾಗೆಲ್ಲ ನಾವು ಬೇಡ ಅಂತಿದ್ವಿ, ಯಾಕಂದ್ರೆ ಇಡೋಕೆ ಜಾಗ ಇರ್ಲಿಲ್ಲ. ಕೊಡೋರು ಕೊಡ್ತೀನಿ ಅಂದ್ರೂ ಇಸ್ಕೊಳೋಕಾಗಲ್ಲ ಅನ್ನೋ ಸಂಕಟ ಇದೆಯಲ್ಲ, ಅದು ಬೇಡ. ಒಂದು ದೊಡ್ಡ ಕಮರ್ಷಿಯಲ್ ಫ್ರೀಜರ್ ಬೇಕಿತ್ತು. ಆಗ ಊರಿನ ಎಪಿಸ್ಕೋಪಲ್ ಚರ್ಚಿನೋರು (ಇಂಗ್ಲೆಂಡಿನ ಚರ್ಚಿಂದ ಕವಲೊಡೆದ ಕ್ರೈಸ್ತ ಪಂಗಡ) ವರ್ಷಕ್ಕೊಂದ್ಸಲ ಲೋಕಲ್ ಸಂಸ್ಥೆಗಳಿಗೆ ಗ್ರಾಂಟ್ ಕೊಡ್ತಾರೆ ಅಂತ ಗೊತ್ತಾಯ್ತು.

ಈ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದೇ ನಂಗೆ ತುಂಬಾ ಇಷ್ಟ ಆದ ಭಾಗ. ಚರ್ಚ್ ಹಿಂದೆ ಒಂದು ಥ್ರಿಫ್ಟ್ ಶಾಪ್ ಇದೆ, ಜನ ಬೇಡದ ಬಟ್ಟೆ, ಪಾತ್ರೆ, ಲ್ಯಾಂಪು ತಂದು ಹಾಕ್ತಾರೆ, ರಿಟೈರ್ ಆದ ಅಜ್ಜಿಯಂದಿರು ಸಂಬಳ ಇಲ್ದೆ ಕೂತು ಒಂದು ಡಾಲರ್ ಎರಡು ಡಾಲರ್ ಅಂತ ಮಾರ್ತಾರೆ, ಹಾಗೆ ಕೂಡಿದ್ದನ್ನ ವರ್ಷಕ್ಕೊಂದ್ಸಲ ಹಂಚ್ತಾರೆ. ನಾನು ಅಲ್ಲೇ ನಾಲ್ಕು ಡಾಲರ್‌ಗೆ ಒಂದು ಪ್ರೆಸ್ಟೀಜ್ ಕುಕ್ಕರ್ ತಂದಿದೀನಿ, ವಿಶಲ್ ಸಮೇತ, ಯಾವ ಪುಣ್ಯಾತ್ಗಿತ್ತಿ ಊರಿಗೆ ವಾಪಸ್ ಹೋಗ್ವಾಗ ಹಾಕಿದ್ಲೋ ಏನೋ.

ಎಲ್ಲಾ ಚರ್ಚಿನ ದುಡ್ಡೂ ಹೀಗೆ ಚಿಲ್ಲರೆಯಿಂದ ಬಂದಿದ್ದಲ್ಲ ಬಿಡಿ. ನ್ಯೂಯಾರ್ಕಲ್ಲಿ ವಾಲ್ ಸ್ಟ್ರೀಟ್ ತುದೀಲಿ ಟ್ರಿನಿಟಿ ಚರ್ಚ್ ಇದೆ, ಅದೂ ಎಪಿಸ್ಕೋಪಲ್ಲೇ. 1705ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಇವರಿಗೆ ಮ್ಯಾನ್‌ಹಟನ್‌ನಲ್ಲಿ 215 ಎಕರೆ ಕೊಟ್ಳು, ನಮ್ಮಲ್ಲಿ ರಾಜರು ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಹಾಗೆ. ನಮ್ಮ ಕಡೆ ಇನಾಮ್ ರದ್ದಾಗಿ ದೇವಸ್ಥಾನದ ಜಮೀನು ಎಷ್ಟೋ ಹೋಯ್ತು, ಇವರದ್ದೂ ಬಹುಪಾಲು ಹೋಯ್ತು, ಆದ್ರೆ ಉಳಿದ ಹದಿನಾಲ್ಕು ಎಕರೆ ಚಿಲ್ಲರೆ ಎಲ್ಲಿದೆ ನೋಡಿ, ಮ್ಯಾನ್‌ಹಟನ್ನಿನ ದುಬಾರಿ ಏರಿಯಾ ಹಡ್ಸನ್ ಸ್ಕ್ವೇರಲ್ಲಿ! 2018ರಲ್ಲಿ ಡಿಸ್ನಿ ಕಂಪನಿ ಅಲ್ಲೊಂದು ಜಾಗಕ್ಕೆ 99 ವರ್ಷದ ಹಕ್ಕಿಗೆ 650 ಮಿಲಿಯನ್ ಡಾಲರ್ ಕೊಡೋಕೆ ಒಪ್ಕೊಂಡಿತು. ಆ ಥರ ಆಸ್ತಿಯ ಆದಾಯದಿಂದ ಟ್ರಿನಿಟಿಯೋರು ಮನೆ ಇಲ್ಲದವರಿಗೆ ವಸತಿ, ಜೈಲಿಂದ ಹೊರಗೆ ಬಂದವರಿಗೆ ನೆರವು ಇಂಥದಕ್ಕೆಲ್ಲ ಗ್ರಾಂಟ್ ಕೊಡ್ತಾರೆ. ನಮ್ಮಂಥ ಬೇಸ್‌ಮೆಂಟ್ ಗಿರಾಕಿಗಳ ಲೆವೆಲ್ ಅಲ್ಲ ಅದು.

ಇದೇ ಪಂಗಡದಲ್ಲಿ ಇನ್ನೊಂದಿದೆ, ಯುನೈಟೆಡ್ ಥ್ಯಾಂಕ್ ಆಫರಿಂಗ್ ಅಂತ, ಹೆಂಗಸರು ಶುರು ಮಾಡಿದ್ದು. ಮನೇಲಿ ಒಂದು ನೀಲಿ ಡಬ್ಬಿ ಇಟ್ಕೊಂಡು ಏನಾದ್ರೂ ಒಳ್ಳೇದಾದಾಗ ಒಂದು ನಾಣ್ಯ ಹಾಕೋದು, ನಮ್ಮಜ್ಜಿ ತಿಮ್ಮಪ್ಪನಿಗೆ ಅರಿಶಿನದ ಬಟ್ಟೇಲಿ ಮುಡುಪು ಕಟ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ. ಆದ್ರೆ ಮುಡುಪು ಹುಂಡಿಗೆ ಹೋಗುತ್ತೆ, ಇದು ಪೂರ್ತಿ ಗ್ರಾಂಟ್ ಆಗಿ ಹೊರಗೆ ಹೋಗುತ್ತೆ. 1889ರಲ್ಲಿ ಮೊದಲ ಸಲ ಕೂಡಿದ್ದು 2,188 ಡಾಲರ್ 64 ಸೆಂಟ್, ಆ 64 ಸೆಂಟನ್ನೂ ಬಿಡದೆ ಲೆಕ್ಕ ಇಟ್ಟಿದಾರೆ! ಕ್ಯಾಥೊಲಿಕ್‌ನೋರದ್ದು ಬೇರೆ, ಕ್ಯಾಥೊಲಿಕ್ ಕ್ಯಾಂಪೇನ್ ಫಾರ್ ಹ್ಯೂಮನ್ ಡೆವಲಪ್‌ಮೆಂಟ್, ನವೆಂಬರಲ್ಲಿ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಭಾನುವಾರ ಚರ್ಚಲ್ಲಿ ತಟ್ಟೆ ತಿರುಗಿಸ್ತಾರೆ, ಕೂಡಿದ್ರಲ್ಲಿ ಕಾಲು ಭಾಗ ಆಯಾ ಡಯಾಸಿಸ್‌ನಲ್ಲೇ, ಅಂದ್ರೆ ಒಬ್ಬ ಬಿಷಪ್ ನೋಡ್ಕೊಳೋ ಪ್ರಾಂತ್ಯದಲ್ಲೇ, ಉಳಿಯುತ್ತೆ. ನಾನು ಅದಕ್ಕೂ ಹಾಕೋಣ ಅಂತ ಒಂದಿಡೀ ಭಾನುವಾರ ಕೂತು ಓದಿದ್ದೇ ಬಂತು, ಆಮೇಲೆ ಗೊತ್ತಾಯ್ತು ಅವರು ಊಟ ಬಟ್ಟೆ ಹಂಚೋ ಕೆಲಸಕ್ಕೆ ಕೊಡಲ್ಲ, ಬಡವರೇ ಮುಂದೆ ನಿಂತು ಬಡತನದ ಕಾರಣದ ಜೊತೆ ಹೊಡೆದಾಡೋ ಸಂಘಟನೆಗಳಿಗೆ ಮಾತ್ರ. ಪ್ಯಾಂಟ್ರಿ ನಡೆಸೋರು ಅಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ.

ಸರಿ, ನಮ್ಮೂರಿನ ಗ್ರಾಂಟ್‌ಗೆ ಬರ್ತೀನಿ. ಮೊದಲ ವರ್ಷ ಯಾಕೆ ರಿಜೆಕ್ಟ್ ಆಯ್ತು ಅಂದ್ರೆ ಕಾಗದ ಇರ್ಲಿಲ್ಲ ಅನ್ಸುತ್ತೆ. ಅನ್ಸುತ್ತೆ ಅಂತ ಯಾಕಂದ್ರೆ ಅವರು ಹೇಳ್ಲೇ ಇಲ್ಲ, ಎರಡು ಸಾಲಿನ ಪತ್ರ, ಈ ಸಲ ತುಂಬಾ ಒಳ್ಳೆ ಅರ್ಜಿಗಳು ಬಂದಿದ್ವು ಅಂತ. ನಮ್ದು ಒಳ್ಳೇದಲ್ವಾ ಹಾಗಾದ್ರೆ? ಇದಕ್ಕೆ ಅರ್ಧ ಸ್ಟಾರ್ ಕಟ್. ಇಲ್ಲಿ ಯಾರೇ ಗ್ರಾಂಟ್ ಕೊಟ್ರೂ ಮೊದಲು ಕೇಳೋದು 501 ಸಿ 3 ಇದೆಯಾ ಅಂತ, ಅಂದ್ರೆ ಟ್ಯಾಕ್ಸ್ ಇಲಾಖೆ ನಿಮ್ಮನ್ನ ಚಾರಿಟಿ ಅಂತ ಒಪ್ಪಿದ ಪತ್ರ. ವರ್ಷಕ್ಕೆ 50 ಸಾವಿರ ಡಾಲರ್ ಒಳಗೆ ನಡೆಯೋ ಚಿಕ್ಕ ಸಂಸ್ಥೆಗೆ ಸಾಮಾನ್ಯವಾಗಿ ಚಿಕ್ಕ ಫಾರ್ಮ್ ಸಾಕು, 1023 ಈಝಡ್ ಅಂತ, ನಾವು ಫೀಸ್ 275 ಡಾಲರ್ ಕಟ್ಟಿದ್ವಿ. ಅದನ್ನ ಮಾಡಿಸ್ಕೊಂಡು ಮುಂದಿನ ವರ್ಷ ಮತ್ತೆ ಹಾಕಿದ್ವಿ.

ಅರ್ಜಿ ನಾಲ್ಕು ಪುಟ. ಅದು ಪರವಾಗಿಲ್ಲ, ಬಜೆಟ್, ಕಮಿಟಿ ಹೆಸರು, ಫ್ರೀಜರ್‌ದು ಮೂರು ಕೊಟೇಶನ್. ಆದ್ರೆ ಏಳನೇ ಪ್ರಶ್ನೆ ಓದಿ ನಂಗೆ ತಲೆ ಕೆಟ್ಟೋಯ್ತು, ನಿಮ್ಮ ಕೆಲಸದಿಂದ ಆಗೋ ಬದಲಾವಣೆಯನ್ನ ಹೇಗೆ ಅಳೀತೀರ ಅಂತ. ಸ್ವಾಮಿ, ಹಸಿದವರು ಉಂಡ್ರು, ಇದನ್ನ ಏನಂತ ಅಳೀಲಿ? ಜೊತೆಗೆ ಆನ್‌ಲೈನ್ ಫಾರ್ಮ್ ಅರ್ಧ ಗಂಟೆಗೆ ತಾನೇ ಲಾಗೌಟ್ ಆಗುತ್ತೆ, ಬರೆದಿದ್ದೆಲ್ಲ ಗೋವಿಂದ. ನಂಗೆ ಎರಡು ಸಲ ಹಾಗಾಯ್ತು, ಮೂರನೇ ಸಲ ಬೇರೆ ಕಡೆ ಬರ್ಕೊಂಡು ಪೇಸ್ಟ್ ಮಾಡಿದೆ, ನೀವೂ ಹಾಗೇ ಮಾಡಿ. ಇನ್ನರ್ಧ ಸ್ಟಾರ್ ಇಲ್ಲಿ ಹೋಯ್ತು.

ಫೆಬ್ರವರೀಲಿ ಹಾಕಿದ್ದಕ್ಕೆ ಏಪ್ರಿಲ್‌ನಲ್ಲಿ ಕಮಿಟಿಯಿಂದ ಇಬ್ಬರು ನೋಡೋಕೆ ಬಂದ್ರು. ಒಬ್ಬರು ಎಂಬತ್ತು ದಾಟಿದ ಅಜ್ಜಿ, ಇನ್ನೊಬ್ಬರು ರಿಟೈರ್ಡ್ ಅಕೌಂಟೆಂಟ್. ನಾವು ಪ್ರೆಸೆಂಟೇಶನ್ ಎಲ್ಲ ರೆಡಿ ಮಾಡಿ ಸಮೋಸ ತರಿಸಿಟ್ಟಿದ್ವಿ. ಅಜ್ಜಿ ಲ್ಯಾಪ್‌ಟಾಪ್ ಕಡೆ ನೋಡ್ಲೇ ಇಲ್ಲ, ಕೋಟ್ ತೆಗೆದು ಸೀದಾ ಚೀಲ ತುಂಬೋಕೆ ನಿಂತ್ಬಿಟ್ರು, ತುಂಬ್ತಾ ತುಂಬ್ತಾನೇ ಕೇಳ್ತಿದ್ರು: ಉಳಿದಿದ್ದು ಏನ್ಮಾಡ್ತೀರ, ಬರೋರನ್ನ ಹೆಸರು ಅಡ್ರೆಸ್ ಎಲ್ಲ ಕೇಳ್ತೀರಾ, ಕೇಳಿದ್ರೆ ನಾಚ್ಕೊಂಡು ವಾಪಸ್ ಹೋಗೋರಿದಾರಾ. ನಾಲ್ಕು ಪುಟದ ಫಾರ್ಮಲ್ಲಿ ಇಂಥ ಒಂದು ಪ್ರಶ್ನೆ ಇರ್ಲಿಲ್ಲ. ಅಕೌಂಟೆಂಟ್ ಮಾತ್ರ ಮೂಲೇಲಿ ಕೂತು ನಮ್ಮ ರಸೀದಿ ಡಬ್ಬ ಪೂರ್ತಿ ತಿರುವಿ ಹಾಕಿದ್ರು, ಆಮೇಲೆ ಸಮೋಸ ಮೂರು ತಿಂದ್ರು.

ನಾವು ಕೇಳಿದ್ದು ಆರು ಸಾವಿರ, ಕೊಟ್ಟಿದ್ದು ಮೂರೂವರೆ, ಜೂನಲ್ಲಿ ಪೋಸ್ಟಲ್ಲಿ ಚೆಕ್ ಬಂತು. ಎರಡು ಬಾಗಿಲಿನ ಫ್ರೀಜರ್ ಆಸೆ ಬಿಟ್ಟು ಒಂದು ಬಾಗಿಲಿಂದು ತಗೊಂಡ್ವಿ. ಈಗ ಚಿಕನ್, ಪಾಲಕ್, ಬಟಾಣಿ ಎಲ್ಲ ಬರ್ತಿದೆ, ಗುರುವಾರ ಕ್ಯೂ ಉದ್ದ ಆಗಿದೆ, ಅದು ಖುಷಿ ವಿಷಯವೋ ಅಲ್ವೋ ಗೊತ್ತಿಲ್ಲ.

ಮೈಸೂರಿಂದ ಚಿಕ್ಕಮ್ಮ ಫೋನ್‌ನಲ್ಲಿ ಕೇಳಿದ್ದೇ ಕೇಳಿದ್ದು, "ಚರ್ಚ್ ದುಡ್ಡು ಅಂತೀಯ, ಭಾನುವಾರ ಬಾ ಅಂತ ಕರೆಯಲ್ವೇನೋ ಅವ್ರು?" ಇಲ್ಲ ಚಿಕ್ಕಮ್ಮ, ಒಂದ್ಸಲನೂ ಕರೀಲಿಲ್ಲ. ನಮ್ಮ ಐವರಲ್ಲಿ ಒಬ್ಬರೂ ಆ ಚರ್ಚಿನೋರಲ್ಲ, ನಾವಿಬ್ಬರು ಕನ್ನಡದೋರು, ಒಂದು ಗುಜರಾತಿ ಜೋಡಿ, ಇನ್ನೊಬ್ಬರು ರಿಟೈರ್ ಆದ ಸ್ಕೂಲ್ ಬಸ್ ಡ್ರೈವರ್. ಫಾರ್ಮಲ್ಲಿ ಧರ್ಮದ ಬಗ್ಗೆ ಇದ್ದಿದ್ದು ಒಂದೇ ಸಾಲು, ಈ ದುಡ್ಡನ್ನ ಪೂಜೆ ಪ್ರಾರ್ಥನೆಗೆ, ಚುನಾವಣೆ ಪ್ರಚಾರಕ್ಕೆ ಬಳಸೋ ಹಾಗಿಲ್ಲ ಅಂತ. ಎಲ್ಲಾ ಚರ್ಚೂ ಹೀಗೇ ಇರುತ್ತೆ ಅಂತ ನಾನು ಹೇಳ್ತಿಲ್ಲ, ನಂಗೆ ಗೊತ್ತಿರೋದು ಇದೊಂದೇ. ಫ್ರೀಜರ್ ಮೇಲೆ ನಿಮ್ಮ ಹೆಸರು ಹಾಕ್ಸೋಣ್ವಾ ಅಂತ ನಾನೇ ಕೇಳಿದೆ, ಊರಿನ ಅಭ್ಯಾಸ, ನಮ್ಮ ಕಡೆ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆದು ಬರೆದು ಬೆಳಕೇ ಬರಲ್ವಲ್ಲ. ಬೇಡ, ಅದರ ಬದಲು ಒಳಗಿರೋದಕ್ಕೆ ತಾರೀಖು ಬರೆದು ಅಂಟಿಸಿ ಅಂದ್ರು ಆ ಅಜ್ಜಿ.

ದೊಡ್ಡ ದೂರು ಒಂದಿದೆ. ವಸ್ತು ತಗೊಳೋಕೆ ದುಡ್ಡು ಕೊಡ್ತಾರೆ, ನಡೆಸೋಕೆ ಕೊಡಲ್ಲ. ಬಾಡಿಗೆ ಇಲ್ಲ, ಸಂಬಳ ಇಲ್ಲ, ಕರೆಂಟ್ ಇಲ್ಲ. ಇದು ಈ ಚರ್ಚಿನದ್ದೊಂದೇ ರೋಗ ಅಲ್ಲ, ಗ್ರಾಂಟ್ ಕೊಡೋ ಬಹಳ ಜನಕ್ಕೆ ಕಣ್ಣಿಗೆ ಕಾಣೋ ಸಾಮಾನು ಬೇಕು, ಫೋಟೋ ತೆಗೀಬಹುದು ನೋಡಿ. ಹಸು ಕೊಡಿಸಿ ಹುಲ್ಲಿಗೆ ಕೊಡಲ್ಲ ಅಂದ ಹಾಗೆ. ಇದಕ್ಕೆ ಇನ್ನೂ ಒಂದು ಸ್ಟಾರ್ ಕಟ್ ಮಾಡ್ಬೇಕಿತ್ತು, ಆ ಅಜ್ಜಿ ಮುಖ ನೋಡಿ ಬಿಟ್ಟಿದೀನಿ.

ಹಾಕೋರು ಇದ್ರೆ ಕೇಳಿ, ಮೂರು ಕೊಟೇಶನ್ ಜನವರೀಲೇ ತರಿಸಿಡಿ, ಬೇಕಿರೋದಕ್ಕಿಂತ ಜಾಸ್ತಿ ಕೇಳಿ ಹೇಗೂ ಕತ್ತರಿಸ್ತಾರೆ, ರಸೀದಿ ಒಂದೂ ಬಿಸಾಕ್ಬೇಡಿ, ವರ್ಷ ಆದ್ಮೇಲೆ ರಿಪೋರ್ಟ್ ಕೇಳ್ತಾರೆ. ನಾವು ಕಳಿಸಿದ್ವಿ, ಏಳನೇ ಪ್ರಶ್ನೆಗೆ ಉತ್ತರ ಅಂತ ಎಷ್ಟು ಪೌಂಡ್ ಚಿಕನ್ ಹೋಯ್ತು ಅಂತ ಬರೆದು. ಒಂದ್ಸಲ ಸಿಕ್ಕಿದೋರು ಮುಂದಿನ ವರ್ಷ ಹಾಕೋ ಹಾಗಿಲ್ಲ, ಹಾಗಾಗಿ ಈ ವರ್ಷ ನಮಗೆ ರಜಾ. ಫ್ರೀಜರ್‌ನ ಕರೆಂಟ್ ಬಿಲ್ ತಿಂಗಳಿಗೆ ನಲವತ್ತು ಡಾಲರ್ ಹತ್ರ ಬರ್ತಿದೆ, ಸದ್ಯಕ್ಕೆ ನಾವು ಐದೂ ಜನ ಎಂಟೆಂಟು ಹಾಕಿ ಕಟ್ತಿದೀವಿ.