ಧಾರವಾಡ–ಹುಬ್ಬಳ್ಳಿ: ಬೈಕು, ಚಿಗರಿ, ಬ್ಯಾಟರಿ ಸ್ಕೂಟರು, ಮೂರರಲ್ಲೂ ಓಡಾಡಿ ನೋಡಿದೆ

ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಹೋಗುವುದು 22 ಕಿಲೋಮೀಟರ್, ಬರುವುದು 22. ಏಳು ವರ್ಷದಿಂದ ಇದೇ ದಾರಿ, ಅದೇ 125 ಸಿಸಿ ಬೈಕು. ಕಳೆದ ವರ್ಷ ಸೊಂಟ ಹಿಡಿಯಲು ಶುರುವಾದಾಗ ಮನೆಯವರೆಲ್ಲ ಸೇರಿ, ಚಿಗರಿ ಬಸ್ಸು ಇದೆಯಲ್ಲ, ಅದರಲ್ಲಿ ಹೋಗಿ ಎಂದರು. ನನ್ನ ಭಾವ ಮಾತ್ರ ಬ್ಯಾಟರಿ ಗಾಡಿ ತಗೋ ಎಂದ. ಅವನು ಹೊಸದಾಗಿ ಒಂದು ತೆಗೆದುಕೊಂಡಿದ್ದ, ಹಾಗಾಗಿ ಆ ವರ್ಷ ಯಾರು ಸಿಕ್ಕರೂ ಅವನದ್ದು ಅದೇ ಮಾತು.

ಬಾಯಿಮಾತಿನ ಜಗಳ ಬೇಡ, ಬರೆದಿಟ್ಟು ನೋಡೋಣ ಅಂದುಕೊಂಡೆ. ಹಾಲಿನ ಲೆಕ್ಕ ಬರೆಯುವ ಡೈರಿಯ ಹಿಂದಿನ ಪುಟಗಳಲ್ಲಿ ಮನೆ ಬಿಟ್ಟ ಹೊತ್ತು, ಕುರ್ಚಿಯಲ್ಲಿ ಕೂತ ಹೊತ್ತು, ಖರ್ಚು, ಇಷ್ಟೇ. ಮೇ ತಿಂಗಳು ಬೈಕು. ಜೂನ್ ಚಿಗರಿ. ಜುಲೈ ಮತ್ತೆ ಬೈಕು, ಮಳೆಯಲ್ಲಿ. ಆಗಸ್ಟ್ ಭಾವನ ಸ್ಕೂಟರು, ಅವನು ಆ ತಿಂಗಳು ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಮೇನಲ್ಲಿ ಕಾಲೇಜುಗಳಿಗೆ ರಜೆ, ರಸ್ತೆ ಖಾಲಿ. ಅಷ್ಟರ ಮಟ್ಟಿಗೆ ಬೈಕಿನ ಕಡೆ ತಕ್ಕಡಿ ವಾಲಿದೆ, ಒಪ್ಪಿಕೊಳ್ಳುತ್ತೇನೆ.

ಈ ದಾರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಎರಡು ಊರಿನ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ಮಧ್ಯದಲ್ಲಿ ಬಸ್ಸಿಗೇ ಬೇರೆ ದಾರಿ ಬಿಟ್ಟಿದ್ದಾರೆ. ಅದರಲ್ಲಿ ಓಡುವ ಎಸಿ ಬಸ್ಸಿಗೆ ಚಿಗರಿ ಎಂದು ಹೆಸರು. 2018ರ ಅಕ್ಟೋಬರ್‌ನಲ್ಲಿ ಓಡಾಟ ಶುರುವಾಯಿತು, 2020ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ನಾವು ಬೈಕಿನವರು, ಕಾರಿನವರು, ಆಟೋದವರು ಎರಡೂ ಪಕ್ಕದ ರಸ್ತೆಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಟೋಲ್ ನಾಕಾದ ಹತ್ತಿರ ಒಂದು ಕಾಲು ನೆಲಕ್ಕೂರಿ ನಿಂತಿರುವಾಗ, ಪಕ್ಕದ ಖಾಲಿ ದಾರಿಯಲ್ಲಿ ಚಿಗರಿ ಸುಂಯ್ ಅಂತ ಹೋಗುತ್ತದೆ. ಒಳಗೆ ಒಬ್ಬ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿರುತ್ತಾನೆ. ಆ ನಿದ್ದೆ ನೋಡಿ ಹೊಟ್ಟೆ ಉರಿಯದ ಬೈಕಿನವನನ್ನು ನಾನು ಕಂಡಿಲ್ಲ.

ಮೊದಲು ಸಮಯ. ಜೂನ್‌ನಲ್ಲಿ ನನಗೇ ಆಶ್ಚರ್ಯ ಆಯಿತು. ಜುಬಿಲಿ ಸರ್ಕಲ್ಲಿನಿಂದ ಹೊಸೂರು ಕ್ರಾಸ್‌ವರೆಗೆ ಎಕ್ಸ್‌ಪ್ರೆಸ್ ಚಿಗರಿ ಸಿಕ್ಕರೆ 35 ನಿಮಿಷ. ಬೈಕಿನಲ್ಲಿ ಅಷ್ಟೇ ದಾರಿಗೆ ನನಗೂ 35 ಬೇಕು, ಕೆಲವು ದಿನ 40. ಅಂದರೆ ಏಳು ವರ್ಷದಿಂದ ನಾನೇ ಬೇಗ ಎಂದುಕೊಂಡು ಸಂದಿಯಲ್ಲಿ ನುಗ್ಗಿದ್ದು, ಹಾರ್ನ್ ಹೊಡೆದದ್ದು, ನವನಗರದ ಹತ್ತಿರ ಆಟೋದವರ ಜೊತೆ ಬಾಯಿ ಮಾಡಿದ್ದು ಎಲ್ಲ ಸುಮ್ನೆ. ನಡುವಿನ ದಾರಿಯಲ್ಲಿ ಬಸ್ಸೇ ಗೆದ್ದಿತು.

ಸೋತದ್ದು ಎರಡು ತುದಿಯಲ್ಲಿ. ಮನೆಯಿಂದ ಜುಬಿಲಿ ಸರ್ಕಲ್ಲಿಗೆ ನಡೆದರೆ ಹತ್ತು ನಿಮಿಷ, ಅದೇನೂ ದೊಡ್ಡದಲ್ಲ. ಆದರೆ ಹೊಸೂರು ಕ್ರಾಸಿನಲ್ಲಿ ಇಳಿದ ಮೇಲೆ ಗೋಕುಲ ರಸ್ತೆಗೆ ಸಿಟಿ ಬಸ್ಸು ಹಿಡಿಯಬೇಕು, ಇಲ್ಲ ಆಟೋ. ಸಿಟಿ ಬಸ್ಸು ಒಂದು ದಿನ ನಾನು ಇಳಿಯುವಾಗಲೇ ಎದುರಿಗೆ ನಿಂತಿರುತ್ತದೆ, ಇನ್ನೊಂದು ದಿನ ಇಪ್ಪತ್ತು ನಿಮಿಷ ಕಾಯಿಸುತ್ತದೆ. ಆಟೋದವನು ಮುಖ ನೋಡಿ ರೇಟು ಹೇಳುತ್ತಾನೆ. ಡೈರಿಯಲ್ಲಿ ಜೂನ್ ತಿಂಗಳ ಲೆಕ್ಕ: ಬೇಗ ಅಂದರೆ 62 ನಿಮಿಷ, ತಡ ಅಂದರೆ 91. ಮೇನಲ್ಲಿ ಬೈಕಿಗೆ 44ರಿಂದ 55. ಜುಲೈ ಮಳೆಯಲ್ಲೂ 65 ದಾಟಿದ್ದು ಎರಡೇ ಸಲ. ಬೈಕಿನವನಿಗೆ ವಿದ್ಯಾನಗರ ದಾಟುವಾಗ ಶಿರೂರ್ ಪಾರ್ಕ್ ಕಡೆಗೆ ತಿರುಗಿ ಒಳದಾರಿ ಹಿಡಿಯುವ ಅನುಕೂಲ ಇದೆ. ಬಸ್ಸಿಗೆ ಅದೆಲ್ಲಿ?

ಹಾಗಂತ ಬಸ್ಸಿನ ತಿಂಗಳು ಕೆಟ್ಟದ್ದಾಗಿತ್ತು ಅಂತಲ್ಲ. ಸೊಂಟ ನೋವು ಮೂರನೇ ವಾರಕ್ಕೆ ಕಡಿಮೆಯಾಯಿತು. ಇಸ್ತ್ರಿ ಮಾಡಿದ ಅಂಗಿ ಆಫೀಸು ಮುಟ್ಟುವವರೆಗೂ ಇಸ್ತ್ರಿಯಾಗೇ ಇರುತ್ತಿತ್ತು. ಎರಡು ಪುಸ್ತಕ ಓದಿ ಮುಗಿಸಿದೆ. ಒಂದು ದಿನ ನಿದ್ದೆ ಹತ್ತಿ ಹೊಸೂರು ಕ್ರಾಸ್ ದಾಟಿ ಹಳೇ ಬಸ್‌ಸ್ಟ್ಯಾಂಡ್‌ವರೆಗೆ ಹೋಗಿಬಿಟ್ಟಿದ್ದೆ, ಡೈರಿಯ 91 ಅದೇ ದಿನದ್ದು. ಕಾಲೇಜು ಶುರುವಾದ ಮೇಲೆ ಬೆಳಿಗ್ಗೆ ಸೀಟು ಸಿಗುವುದು ಕಷ್ಟ, ಬಿವಿಬಿ ಕಾಲೇಜಿನ ಹುಡುಗರು ಇಳಿಯುವವರೆಗೆ ನಿಂತೇ ಹೋಗಬೇಕು. ಆದರೂ ನಿಂತುಕೊಂಡು ಎಸಿಯಲ್ಲಿ ಹೋಗುವುದಕ್ಕೂ ಲಾರಿಯ ಹಿಂದೆ ಹೊಗೆ ಕುಡಿಯುತ್ತ ಹೋಗುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಇನ್ನು ಮಳೆ. ಧಾರವಾಡದ ಮಳೆ ನೋಡದವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ಜೋರಾಗಿ ಹೊಡೆದು ನಿಲ್ಲುವ ಮಳೆ ಅಲ್ಲ ಇದು, ಜಿಟಿಜಿಟಿ, ದಿನವಿಡೀ. ರೇನ್‌ಕೋಟು ಹಾಕಿಕೊಂಡು ಹೊರಟು ನವನಗರ ಮುಟ್ಟುವಷ್ಟರಲ್ಲಿ ಅಲ್ಲಿ ಬಿಸಿಲು, ಒಳಗೆ ಬೆವರು. ರೇನ್‌ಕೋಟು ತೆಗೆದು ಮಡಚಿಟ್ಟ ದಿನವೇ ಉಣಕಲ್ ಕೆರೆ ಹತ್ತಿರ ಮತ್ತೆ ಹನಿ. ಪ್ಯಾಂಟಿನ ಮೇಲೆ ಪ್ಲಾಸ್ಟಿಕ್ ಪ್ಯಾಂಟು ಹಾಕಿದರೂ ಕೂತಾಗ ತೊಡೆಯ ನಡುವೆ ಒಂದು ಗುಂಡಿಯಾಗುತ್ತದೆ, ನೀರು ಅಲ್ಲಿ ನಿಲ್ಲುತ್ತದೆ, ಆಮೇಲೆ ಹೊಲಿಗೆಯ ಸಣ್ಣ ತೂತಿನಿಂದ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಆಫೀಸಿಗೆ ಹೋಗಿ ಎದ್ದು ನಿಂತರೆ ಎಲ್ಲಿ ಒದ್ದೆಯಾಗಬಾರದೋ ಅಲ್ಲೇ ಒದ್ದೆ. ಮಳೆಗಾಲದಲ್ಲಿ ಆಫೀಸಿನ ಡ್ರಾಯರಿನಲ್ಲಿ ನನ್ನದೊಂದು ಪ್ಯಾಂಟು, ಎರಡು ಜೊತೆ ಕಾಲುಚೀಲ ಯಾವಾಗಲೂ ಇರುತ್ತವೆ. ಕಡತಕ್ಕೆ ಜಾಗ ಇಲ್ಲ.

ಜುಲೈನಲ್ಲಿ ಒಮ್ಮೆ ಬಿದ್ದೆ ಕೂಡ. ಸಂಜೆ ವಾಪಸ್ ಬರುವಾಗ, ಸತ್ತೂರು ಇನ್ನೂ ಮುಂದೆ ಇತ್ತು. ಜೋರಾಗೇನೂ ಓಡಿಸುತ್ತಿರಲಿಲ್ಲ. ಮುಂದಿನ ಕಾರು ತಟ್ಟನೆ ನಿಂತಿತು, ಬ್ರೇಕ್ ಹಿಡಿದೆ. ಚಕ್ರದ ಕೆಳಗೆ ರಸ್ತೆಯ ಬಿಳಿ ಬಣ್ಣದ ಪಟ್ಟೆ ಇತ್ತು. ಒದ್ದೆ ಬಣ್ಣ ಅಂದರೆ ಸಾಬೂನು. ಮುಂದಿನ ಚಕ್ರ ಎಡಕ್ಕೆ ಜಾರಿತು, ನಾನು ಬಲಕ್ಕೆ. ಮೊಣಕೈ ತರಚಿತು, ಕನ್ನಡಿ ಮುರಿಯಿತು, ಹೆಲ್ಮೆಟ್ಟಿನ ಬದಿಯಲ್ಲಿ ಎರಡು ಬೆರಳಗಲ ಗೀರು ಬಿತ್ತು. ಹಿಂದೆ ಬರುತ್ತಿದ್ದ ಹಾಲಿನ ಟೆಂಪೊದವನು ಗಾಡಿ ಅಡ್ಡ ನಿಲ್ಲಿಸಿ, ಬೈಕು ಎತ್ತಿ ಕೊಟ್ಟು, ‘ಏನ್ರೀ ಸರ, ಮಳ್ಯಾಗ ಮುಂದಿನ ಬ್ರೇಕ್ ಹಿಂಗ ಹಿಚುಕ್ತಾರೇನ್ರಿ’ ಎಂದು ಬೈದು ಹೋದ. ಬೈಗುಳ ನ್ಯಾಯವಾಗೇ ಇತ್ತು. 125 ಸಿಸಿವರೆಗಿನ ಹೊಸ ಗಾಡಿಗಳಿಗೆ 2019ರಲ್ಲಿ ಕಾಂಬಿ ಬ್ರೇಕ್ ಕಡ್ಡಾಯ ಮಾಡಿದರು, ಅದರಲ್ಲಿ ಹಿಂದಿನದು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ನನ್ನದು ಅದಕ್ಕಿಂತ ಹಳೆಯದು, ಅದರಲ್ಲಿ ಎಲ್ಲ ನನ್ನ ಬೆರಳಿನ ಮೇಲೆ.

ಈಗ ಸ್ಕೂಟರು. ಓಡಿಸುವ ಸುಖ ಕೇಳಿದರೆ ಮೂರರಲ್ಲಿ ಇದೇ ಮೊದಲು, ಭಾವನಿಗೆ ಇದನ್ನು ಹೇಳಬೇಡಿ. ಕ್ಲಚ್ ಇಲ್ಲ, ಗೇರ್ ಇಲ್ಲ, ಸದ್ದಿಲ್ಲ. ಕೋರ್ಟ್ ಸರ್ಕಲ್ಲಿನಿಂದ ಟೋಲ್ ನಾಕಾವರೆಗೆ ನಿಂತು ಹೊರಡುವ, ನಿಂತು ಹೊರಡುವ ಕಡೆ ಎಡಗೈಗೆ ಸಿಗುವ ವಿಶ್ರಾಂತಿ ದೊಡ್ಡದು. ಬೈಕಿನಲ್ಲಿ ಅಷ್ಟು ದೂರಕ್ಕೆ ಎಷ್ಟು ಸಲ ಕ್ಲಚ್ ಹಿಡಿಯುತ್ತೇನೆ ಎಂದು ಒಂದು ದಿನ ಎಣಿಸಿದ್ದೆ, 40 ದಾಟಿದ ಮೇಲೆ ಲೆಕ್ಕ ತಪ್ಪಿತು. ಖರ್ಚಂತೂ ನಗು ಬರುವಷ್ಟು. ಪೂರ್ತಿ ಚಾರ್ಜಿಗೆ ಮೂರೂವರೆ ಯೂನಿಟ್ ಹತ್ತಿರ ಬೇಕು, ಓಡುವುದು 85 ಕಿಲೋಮೀಟರ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 25 ಪೈಸೆ, ದಿನಕ್ಕೆ 11 ರೂಪಾಯಿ. ನನ್ನ ಬೈಕು ಲೀಟರಿಗೆ 55 ಕೊಡುತ್ತದೆ, ಪೆಟ್ರೋಲು 100 ದಾಟಿದೆ, ದಿನಕ್ಕೆ 80 ರೂಪಾಯಿ ಮೇಲೆ ಬೀಳುತ್ತದೆ. ತಿಂಗಳಿಗೆ ಹೆಚ್ಚು ಕಡಿಮೆ ಸಾವಿರ ಕಿಲೋಮೀಟರ್ ಆಗುವುದರಿಂದ ಎರಡು ಸಲ ಚೈನಿಗೆ ಎಣ್ಣೆ, ಮೂರು ತಿಂಗಳಿಗೊಮ್ಮೆ ಎಂಜಿನ್ ಆಯಿಲ್. ಸ್ಕೂಟರಿಗೆ ಅದ್ಯಾವುದೂ ಇಲ್ಲ.

ಒಂದು ತಮಾಷೆ ಕಂಡುಹಿಡಿದೆ. ಬೆಳಿಗ್ಗೆ ಹುಬ್ಬಳ್ಳಿಗೆ ಹೋಗುವಾಗ ಬ್ಯಾಟರಿ ಕಡಿಮೆ ಖರ್ಚಾಗುತ್ತದೆ, ಸಂಜೆ ಅದೇ ದಾರಿಗೆ ಜಾಸ್ತಿ. ಮೊದಲು ಗಾಳಿ ಅಂದುಕೊಂಡೆ, ಆಮೇಲೆ ನನ್ನ ತೂಕವೇ ಏನೋ ಎಂದುಕೊಂಡೆ, ಮಧ್ಯಾಹ್ನದ ಊಟ ಸೇರಿರುತ್ತದಲ್ಲ. ವಿಷಯ ಇಷ್ಟೇ, ಧಾರವಾಡ ಎತ್ತರದಲ್ಲಿದೆ. ಏಳು ವರ್ಷ ಬೈಕು ಓಡಿಸಿದರೂ ಈ ಏರು ನನಗೆ ಗೊತ್ತೇ ಆಗಿರಲಿಲ್ಲ, ಸ್ಕೂಟರಿನ ಪರದೆ ಮೂರೇ ದಿನದಲ್ಲಿ ತೋರಿಸಿಕೊಟ್ಟಿತು.

ತೊಂದರೆ ಶುರುವಾಗುವುದು ಮನೆಯಲ್ಲಿ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಗಾಡಿ ನಿಲ್ಲಿಸುವ ಕಡೆ ಇರುವ ಒಂದೇ ಪ್ಲಗ್ಗು ಮನೆ ಮಾಲೀಕರ ಮೀಟರಿನದು. ಮೇಲಿನಿಂದ ವೈರು ಇಳಿಬಿಟ್ಟೆ, ಮಳೆ ಬಂತು, ಹೆದರಿ ಎಳೆದುಕೊಂಡೆ. ಮಾಲೀಕರಿಗೆ ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದು ಮಾತಾಡಿಕೊಂಡೆ. ಅವರು ಒಪ್ಪಿದರು, ಆದರೆ ರಾತ್ರಿ ಹತ್ತಕ್ಕೆ ಮೇನ್ ಸ್ವಿಚ್ ಆರಿಸಿ ಮಲಗುವುದು ಅವರ ರೂಢಿ. ಒಂದು ಬೆಳಿಗ್ಗೆ ನೋಡಿದರೆ 31 ಪರ್ಸೆಂಟ್. ಹೋಗಲು ಸಾಕು, ಬರಲು ಸಾಲದು. ಆ ದಿನ ಚಿಗರಿ ಹತ್ತಿದೆ. ಇನ್ನೊಂದು ವಿಷಯ ಚಕ್ರ. ಬೈಕಿನದು 18 ಇಂಚು, ಸ್ಕೂಟರಿನದು 12. ಬೈಕು ದಾಟಿ ಹೋಗುವ ಗುಂಡಿಯಲ್ಲಿ ಸ್ಕೂಟರು ಇಳಿದು ಹತ್ತುತ್ತದೆ, ಆ ಏಟು ನೇರ ಸೊಂಟಕ್ಕೆ. ಸೊಂಟಕ್ಕಾಗಿಯೇ ಇಷ್ಟೆಲ್ಲ ಶುರು ಮಾಡಿದವನಿಗೆ ಇದು ದುಬಾರಿ ಬಿತ್ತು. ಸ್ವಂತ ಮನೆ, ಸ್ವಂತ ಮೀಟರು, ನಡುವಯಸ್ಸು ದಾಟದ ಬೆನ್ನು ಇದ್ದವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ರೈಲು ಯಾಕಿಲ್ಲ ಎಂದು ಕೇಳುವವರಿಗೆ: ನಾಲ್ಕು ದಿನ ಹೋದೆ. ಅಗ್ಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಹೊತ್ತಿಗೆ ರೈಲಿಲ್ಲ, ರೈಲಿನ ಹೊತ್ತಿಗೆ ನಾನು ತಯಾರಿರುವುದಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಂ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಎಂದು ನಮಗೆಲ್ಲ ಹೆಮ್ಮೆ. ಅದರ ಕೊನೆಯಲ್ಲಿ ಇಳಿದು ಹೊರಗೆ ನಡೆಯುವ ದಿನ ಹೆಮ್ಮೆ ಸ್ವಲ್ಪ ಕಡಿಮೆಯಾಗುತ್ತದೆ.

ಬೈಪಾಸಿನಲ್ಲಿ ಬೈಕು ಓಡಿಸುವುದನ್ನೂ ಮೇನಲ್ಲಿ ಒಂದು ವಾರ ನೋಡಿದೆ. ಸಿಗ್ನಲ್ ಇಲ್ಲ, ಖರೆ. ಆದರೆ ಪಕ್ಕದಲ್ಲಿ ಹದಿನಾಲ್ಕು ಚಕ್ರದ ಲಾರಿ ದಾಟಿದಾಗ ಗಾಳಿ ಮೊದಲು ಹೊರಗೆ ತಳ್ಳುತ್ತದೆ, ಮರುಕ್ಷಣ ಒಳಗೆ ಎಳೆಯುತ್ತದೆ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರಿದ್ದ ಟೆಂಪೊ ಟ್ರಾವೆಲರ್ ಅಪಘಾತ ಆದದ್ದು ಇದೇ ರಸ್ತೆಯಲ್ಲಿ, ಆಗ ಇದು ಎರಡೇ ಪಥದ್ದು. ಆರು ಪಥದ ಕೆಲಸ ಆಮೇಲೆ ಕೈಗೆತ್ತಿಕೊಂಡರು. ಬೈಪಾಸಿನಿಂದ ನನಗೆ ಉಳಿದದ್ದು ಏಳು ನಿಮಿಷ. ಏಳು ನಿಮಿಷಕ್ಕೆ ನಾನು ಆ ದಾರಿ ಹಿಡಿಯುವುದಿಲ್ಲ.

ಹಾಗಾದರೆ ಈಗ ಹೇಗೆ ಹೋಗುತ್ತೇನೆ? ಬೈಕಿನಲ್ಲೇ. ಡೈರಿ ನೋಡಿದರೆ ಖರ್ಚಿನಲ್ಲಿ ಸ್ಕೂಟರು ಮುಂದೆ, ಸೊಂಟಕ್ಕೆ ಬಸ್ಸು ಮುಂದೆ, ಮಳೆಯಲ್ಲಿ ಬೈಕೇ ಎಲ್ಲರಿಗಿಂತ ಹಿಂದೆ. ಆದರೂ ಆ ಕೊನೆಯ ಮೂರು ಕಿಲೋಮೀಟರ್, ಹೊಸೂರು ಕ್ರಾಸಿನಿಂದ ಗೋಕುಲ ರಸ್ತೆ, ಅದೇ ಎಲ್ಲ ನಿರ್ಧಾರ ಮಾಡಿತು. ಅಲ್ಲಿ ಹೋಗುವ ಅರ್ಧ ಗಂಟೆ ನನಗೆ ಸಂಜೆ ಮಗಳ ಜೊತೆ ಸಿಗುವ ಅರ್ಧ ಗಂಟೆ. ಇನ್ನೊಂದು ಸಣ್ಣ ಆಸೆಯೂ ಇದೆ. ನವಲೂರಿನ ಪೇರಲ ಹಣ್ಣಿನ ಬುಟ್ಟಿ ಕಂಡ ಕಡೆ ಬೈಕು ನಿಲ್ಲಿಸಬಹುದು, ಚಿಗರಿಯಲ್ಲಿ ಕೂತು ಕಿಟಕಿಯಿಂದ ನೋಡಿಕೊಂಡು ಹೋಗಬೇಕು. ತೀರಾ ಮಳೆ ಹಿಡಿದ ವಾರ ಮಾತ್ರ ಬಸ್ಸು, ಆ ವಾರ ಸಾಹೇಬರಿಗೆ ಮೊದಲೇ ಹೇಳಿಬಿಡುತ್ತೇನೆ, ಹತ್ತು ನಿಮಿಷ ತಡ ಎಂದು.

ನಮ್ಮ ಆಫೀಸು ವಿದ್ಯಾನಗರಕ್ಕೆ ಹೋಗುತ್ತದೆ ಎಂದು ಎರಡು ವರ್ಷದಿಂದ ಸುದ್ದಿ. ಚಿಗರಿ ನಿಲ್ದಾಣದ ಎದುರಿಗೇ ಕಟ್ಟಡ ನೋಡಿದ್ದಾರಂತೆ. ಹೋದ ದಿನವೇ ಬೈಕು ಮಾರುತ್ತೇನೆ. ಗಿರಾಕಿಯೂ ಇದ್ದಾನೆ, ಭಾವನೇ. ಅವನಿಗೆ ಪುಣೆಗೆ ಮತ್ತೆ ಮತ್ತೆ ಹೋಗಬೇಕಾಗಿದೆ, ಅಲ್ಲಿ ಅವನ ರೂಮಿನಲ್ಲಿ ಚಾರ್ಜ್ ಮಾಡಲು ಪ್ಲಗ್ಗಿಲ್ಲವಂತೆ.