‘ಅಲುಗಾಡಬೇಡಿ’ ಅನ್ನುವ ಧ್ಯಾನದ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ

ಆಟಿಸಂ (ಸದ್ದು, ಸ್ಪರ್ಶ, ಮಾತುಕತೆಯನ್ನು ಮಿದುಳು ಬೇರೆ ಥರ ಗ್ರಹಿಸುವ ಸ್ಥಿತಿ) ಅಥವಾ ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಇರುವವರು, ಮನೆಯಲ್ಲಿ ಅಂಥವರಿದ್ದು ಅವರಿಗಾಗಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಧ್ಯಾನದ, ಕ್ಲಾಸ್ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ನನಗೆ ಎರಡೂ ಇವೆ. ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ, ಈಗಲೂ ನನ್ನ ರೀತಿಯಲ್ಲಿ ಮಾಡುತ್ತೇನೆ. ಆದರೆ ನಾನು ಸೇರಿದ್ದ ಎಂಟು ವಾರದ ಕೋರ್ಸ್‌ನಿಂದ ಮಧ್ಯದಲ್ಲೇ ಎದ್ದು ಬರಬೇಕಾಯಿತು.

ಸೇರುವಾಗಲೇ ನನ್ನ ವಿಷಯ ಬಿಡಿಸಿ ಹೇಳಿದ್ದೆ. “ಇದು ಎಲ್ಲರಿಗೂ ಆಗುತ್ತೆ, ನಿಮಗಂತೂ ಬೇಕೇ ಬೇಕು” ಅಂದರು ಹೇಳಿಕೊಡುವವರು. ಈ ಮಾತು ಕಿವಿಗೆ ಬಿದ್ದರೆ ಹುಷಾರು. ನಿಮಗಾಗಿ ಏನನ್ನೂ ಬದಲಿಸುವ ಯೋಚನೆ ಅವರಿಗಿಲ್ಲ ಅಂತ ಅರ್ಥ.

ಶುರುವಾಗಿದ್ದೇ ಬಾಡಿ ಸ್ಕ್ಯಾನ್‌ನಿಂದ. ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಮಲಗಿ, ಕಾಲ್ಬೆರಳಿಂದ ತಲೆಯವರೆಗೆ ಒಂದೊಂದೇ ಭಾಗದಲ್ಲಿ ಏನನಿಸುತ್ತಿದೆ ಅಂತ ಗಮನಿಸಬೇಕು. ನನಗೆ ಹೆಬ್ಬೆರಳಲ್ಲಿ ಏನೂ ಅನಿಸುತ್ತಿರಲಿಲ್ಲ. ಬದಲಿಗೆ ಫ್ಯಾನಿನ ಸದ್ದು, ಅಂಗಿಯ ಲೇಬಲ್, ಪಕ್ಕದವರ ಉಸಿರು ಎಲ್ಲ ಒಟ್ಟಿಗೆ ಮೈಮೇಲೆ ಬಂದವು. ಇದರಲ್ಲಿ ವಿಚಿತ್ರವೇನಿಲ್ಲ. ಮೈಯೊಳಗಿನ ಸುಳಿವುಗಳು ಆಟಿಸಂ ಇರುವ ಅನೇಕರಿಗೆ ತೀರಾ ಮಂದವಾಗಿಯೋ ತೀರಾ ಜೋರಾಗಿಯೋ ತಿಳಿಯುತ್ತವೆ. ತಮಗೆ ಏನನಿಸುತ್ತಿದೆ ಅಂತ ಗುರುತಿಸಿ ಹೇಳುವುದೇ ಬಹಳ ಜನಕ್ಕೆ ಕಷ್ಟ. ಆಮೇಲೆ ಸುತ್ತ ಕೂತು “ಏನನಿಸಿತು ಹೇಳಿ” ಅಂದಾಗ ನಾನು ಪಕ್ಕದವರ ಉತ್ತರವನ್ನೇ ಒಂಚೂರು ತಿರುಗಿಸಿ ಹೇಳಿದೆ.

ಈ ಎಂಟು ವಾರದ ಪದ್ಧತಿಯಲ್ಲೇ ತಪ್ಪಿದೆ ಅಂತಲ್ಲ. ಜಾನ್ ಕಬಟ್-ಜಿನ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ 1979ರಲ್ಲಿ ಇದನ್ನು ಶುರು ಮಾಡಿದ್ದು, ವಾಸಿಯಾಗದ ನೋವಿನಂಥ ತೊಂದರೆ ಇದ್ದವರಿಗಾಗಿ. ಅದನ್ನು ಒಂದಕ್ಷರ ಬದಲಿಸದೆ ನಮ್ಮ ಮೇಲೆ ಹೇರಿದರೆ ಹೇಗೆ?

ನನ್ನನ್ನು ಕೆಡಿಸಿದ್ದು ಮಾತ್ರ ಕೈಯ ವಿಷಯ. ಕೂತಾಗ ನಾನು ಬೆರಳು ಉಜ್ಜುತ್ತಿರುತ್ತೇನೆ. ಹೀಗೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಕ್ಕೆ ಸ್ಟಿಮಿಂಗ್ ಅನ್ನುತ್ತಾರೆ, ನನ್ನನ್ನು ಸಮಾಧಾನದಲ್ಲಿ ಇಡುವುದೇ ಅದು. ಹೇಳಿಕೊಡುವವರು ಹೇಳದೆ ಕೇಳದೆ ಬಂದು ನನ್ನ ಕೈ ಮೇಲೆ ಕೈ ಇಟ್ಟರು. “ಮನಸ್ಸು ಓಡ್ತಿದೆ, ಕೈ ತೋರಿಸಿಕೊಡ್ತಿದೆ ನೋಡಿ” ಅಂತ ಎಲ್ಲರೆದುರು ಹೇಳಿದರು. ಅವತ್ತಿಂದ ನನ್ನ ಗಮನವೆಲ್ಲ ಕೈ ಅಲುಗದಂತೆ ಹಿಡಿದಿಡುವುದಕ್ಕೇ ಹೋಯಿತು. ಉಸಿರು ಗಮನಿಸಿ ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿದ್ದಕ್ಕೆ, “ಅದು ನಿಮ್ಮೊಳಗಿನ ವಿರೋಧ, ಅದರ ಜೊತೆಗೇ ಕೂತಿರಿ” ಅಂದರು.

ಕೂತೆ. ಒಂದು ಹಂತದಲ್ಲಿ ಒಳಗೆಲ್ಲ ಸ್ತಬ್ಧವಾಯಿತು, ಮಾತೇ ಹೊರಡಲಿಲ್ಲ. ಅದನ್ನು ಶಟ್‌ಡೌನ್ ಅನ್ನುತ್ತಾರೆ. ಅವರು ಏನಂದರು ಗೊತ್ತಾ? “ಇವತ್ತು ಎಷ್ಟು ಶಾಂತವಾಗಿದ್ದೀರಿ!” ಮನೆಗೆ ಬಂದ ಮೇಲೂ ಮಾತು ಬರಲಿಲ್ಲ. ಮರುದಿನ ಪಾತ್ರೆ ಸದ್ದನ್ನೂ ತಡೆಯಲಾಗಲಿಲ್ಲ. ಹೊರಗಿಂದ ನೋಡುವವರಿಗೆ ಶಟ್‌ಡೌನೂ ಶಾಂತಿಯೂ ಒಂದೇ ಥರ ಕಾಣುತ್ತವೆ. ಆ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ, ಅದರಲ್ಲೂ ಮಾತಾಡಿ ಹೇಳಲಾಗದ ಮಕ್ಕಳನ್ನು, ದಯವಿಟ್ಟು ಕೊಡಬೇಡಿ.

ಅಷ್ಟಾದ ಮೇಲೆ ಮಾತ್ರೆಯ ಮಾತು ಬಂತು. “ಅಭ್ಯಾಸ ಗಟ್ಟಿಯಾದರೆ ಎಡಿಎಚ್‌ಡಿ ಮಾತ್ರೆ ಬಿಡಬಹುದು” ಅಂದರು. ನಾನು ಬಿಟ್ಟಿದ್ದು ಕ್ಲಾಸನ್ನು. ದುಡ್ಡು ವಾಪಸ್ ಬರಲಿಲ್ಲ. ಮಾತ್ರೆ ಬಿಡುವುದು, ಕಮ್ಮಿ ಮಾಡುವುದು ನಿಮ್ಮ ಡಾಕ್ಟರ್ ಜೊತೆ ಮಾತ್ರ.

ನಮ್ಮಂಥವರಿಗೆ ಹೊಂದಿಸಿದ ಕೋರ್ಸ್‌ಗಳು ಇಲ್ಲದೇ ಇಲ್ಲ. ಲಿಡಿಯಾ ಜಿಲೋವ್ಸ್ಕಾ ಮತ್ತು ಜೊತೆಗಾರರು ಎಡಿಎಚ್‌ಡಿಗಾಗಿ ರೂಪಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ ಕೋರ್ಸ್‌ನಲ್ಲಿ ಕೂರುವ ಅವಧಿ ಐದು ನಿಮಿಷದಿಂದ ಶುರು, ನಿಧಾನವಾಗಿ ಹದಿನೈದಕ್ಕೆ. ಕೂರಲಾಗದಿದ್ದರೆ ನಡೆಯುತ್ತಾ ಮಾಡಬಹುದು. ನೆದರ್ಲೆಂಡ್ಸ್‌ನ ಅನೆಲೀಸ್ ಸ್ಪೆಕ್ ತಂಡ ಆಟಿಸಂ ಇರುವ ದೊಡ್ಡವರ ಜೊತೆ ಮಾಡಿದ ಅಧ್ಯಯನ 2013ರಲ್ಲಿ ಬಂತು. ಅದರಲ್ಲಿ ಉಪಮೆ, ಒಗಟಿನಂಥ ಮಾತು ಎಲ್ಲ ತೆಗೆದುಹಾಕಿದ್ದರು. ಮೂರು ನಿಮಿಷದ ಉಸಿರಿನ ಅಭ್ಯಾಸವನ್ನು ಕಿರಿದು ಮಾಡಲಿಲ್ಲ, ಹಿಗ್ಗಿಸಿದರು. ಅಂದರೆ ಎಡಿಎಚ್‌ಡಿ ಇರುವವರಿಗೂ ಆಟಿಸಂ ಇರುವವರಿಗೂ ಒಂದೇ ಬದಲಾವಣೆ ಸಾಲದು. (ನಮ್ಮ ಕ್ಲಾಸಿನಲ್ಲಿ “ಯೋಚನೆಗಳು ಮೋಡದ ಹಾಗೆ ತೇಲಿಹೋಗಲಿ” ಅಂದಾಗ ನಾನು ಮಳೆ ತರುವ ಮೋಡ ಯಾವುದು ಅಂತ ಯೋಚಿಸುತ್ತಾ ಉಳಿದ ಅರ್ಧ ಗಂಟೆ ಕಳೆದಿದ್ದೆ.)

ಹಾಗಾಗಿ ಮೊದಲೇ ಕೇಳಿ. ಕಣ್ಣು ತೆರೆದಿರಬಹುದಾ, ಕೈಯಲ್ಲಿ ಏನಾದರೂ ಹಿಡಿದಿರಬಹುದಾ, ಕಾರಣ ಹೇಳದೆ ಎದ್ದು ಹೋಗಬಹುದಾ? ಉಸಿರು ಆಗದಿದ್ದರೆ ಪಾದವನ್ನೋ ಒಂದು ಸದ್ದನ್ನೋ ಗಮನಿಸಬಹುದಾ? ಯಾವ ದಿನ ಏನು ಮಾಡಿಸುತ್ತೀರಿ ಅಂತ ಬರೆದು ಕೊಡುತ್ತೀರಾ, ಮುಟ್ಟುವ ಮುಂಚೆ ಕೇಳುತ್ತೀರಾ? ಎಲ್ಲಕ್ಕಿಂತ ಮುಖ್ಯವಾಗಿ, ಅಭ್ಯಾಸದಿಂದ ಯಾರಿಗಾದರೂ ಜಾಸ್ತಿ ತೊಂದರೆಯಾದರೆ ಆಗ ಏನು ಮಾಡುತ್ತೀರಿ? ಈ ಕೊನೆಯದಕ್ಕೆ “ಹಾಗೆಲ್ಲ ಆಗಲ್ಲ” ಅಂದರೆ ಸುಮ್ನೆ ವಾಪಸ್ ಬನ್ನಿ.

ಈಗಾಗಲೇ ಇಂಥ ಕ್ಲಾಸಿನ ಮಧ್ಯದಲ್ಲಿದ್ದೀರಾ? ಸೇರುವ ಮುಂಚೆಗಿಂತ ನಿದ್ದೆ ಕೆಟ್ಟಿದ್ದರೆ, ಸದ್ದು ಬೆಳಕು ತಡೆಯಲು ಆಗದಿದ್ದರೆ, ಮಾತು ನಿಂತುಹೋಗುತ್ತಿದ್ದರೆ ನಿಲ್ಲಿಸಿ. ಕೋರ್ಸ್ ಮುಗಿಯಲಿ ಅಂತ ಕಾಯಬೇಡಿ. ನಿಮ್ಮನ್ನು ನೋಡುವ ಡಾಕ್ಟರಿಗೆ ಇದನ್ನೆಲ್ಲ ಹೇಳಿ. ಎದುರು ಕೂತು ಹೇಳಲು ಕಷ್ಟವಾದರೆ ಬರೆದು ಕೊಡಿ, ನಾನು ಹಾಗೇ ಮಾಡಿದ್ದು.